ಮೂರನೆಯ ಹನಿ: ಗರ್ಭಿಣಿಯ ರಕ್ತಪರೀಕ್ಷೆ ಏಕೆ?

ರಾವಂದೂರು ಹೋಬಳಿಯ ದಂಪತಿಗಳೇ,

ಗರ್ಭ ನಿಂತಿತೆಂದು ತಿಳಿದೊಡನೆ ಆರೋಗ್ಯ ಕೇಂದ್ರದಲ್ಲಿ ತಾಯಿಯ ರಕ್ತವನ್ನು ಪರೀಕ್ಷಿಸುತ್ತಾರೆ. ಆ ರಕ್ತದಿಂದ ಏನನ್ನು ಅರಿಯುತ್ತಾರೆಂಬುದನ್ನು ನೀವಿಬ್ಬರೂ ತಿಳಿದಿರುವುದು ಅವಶ್ಯಕ.

ಗಾಜಿನ ಪಟ್ಟಿಯ ಮೇಲೆ ರಕ್ತದ ಮೂರು ಹನಿಗಳನ್ನಿಟ್ಟು, ಒಂದಕ್ಕೆ ನೀಲಿ, ಇನ್ನೊಂದಕ್ಕೆ ಹಳದಿ, ಮೂರನೆಯದಕ್ಕೆ ಬಣ್ಣವಿಲ್ಲದ ದ್ರವವನ್ನು ಬೆರೆಸಿ, ಬೆಳಕಿಗೆ ಹಿಡಿದು ಮೆಲ್ಲನೆ ಆಡಿಸುತ್ತಾರೆ. ಕೆಂಪು ರಕ್ತಕಣಗಳು ಒಂದಕ್ಕೊಂದು ಅಂಟಿಕೊಂಡರೆ ಹನಿಯು ಒಡೆದ ಹಾಲಿನಂತೆ ಹರಳುಗಟ್ಟಿ, ನಡುನಡುವೆ ಬೆಳಕು ತೂರಿ ಬರುತ್ತದೆ. ಅಂಟದಿದ್ದರೆ ಹನಿಯು ಒಂದೇ ಸಮನೆ ಕೆಂಪಾಗಿಯೇ ಉಳಿಯುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನೇ ಯಂತ್ರವು ಮಾಡುವುದುಂಟು. ರಕ್ತವನ್ನು ದಾಟಿ ಬಂದ ಬೆಳಕನ್ನಳೆದು ಕಣಗಳು ಗುಂಪುಗೂಡಿವೆಯೇ ಎಂಬುದನ್ನು ತಿಳಿಸುತ್ತದೆ.

ಮೊದಲೆರಡು ಹನಿಗಳಿಂದ ಎ, ಬಿ, ಎಬಿ, ಓ ಎಂಬ ಗುಂಪು ತಿಳಿಯುತ್ತದೆ. ಕಣಗಳು ಹೀಗೆ ಅಂಟುವುದರಿಂದಲೇ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿ 1901ರಲ್ಲಿ ರಕ್ತದ ಗುಂಪುಗಳನ್ನು ವಿವರಿಸಿದರು. ಆರ್.ಎಚ್. ಅಂಶವು 1940ರಲ್ಲಿ ಬೆಳಕಿಗೆ ಬಂದಿತು. ನಮ್ಮ ಮೂರನೆಯ ಹನಿ ಅದಕ್ಕಾಗಿ. ಅದು ಹರಳುಗಟ್ಟಿದರೆ ತಾಯಿ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್.

ನೆಗೆಟಿವ್ ಎಂಬುದು ರೋಗವಲ್ಲ, ರಕ್ತ ಕೆಟ್ಟಿದೆಯೆಂದೂ ಅಲ್ಲ. ಗಂಡನೂ ನೆಗೆಟಿವ್ ಆದರೆ ಚಿಂತೆಯಿಲ್ಲ. ಆತನು ಪಾಸಿಟಿವ್ ಆಗಿದ್ದರೆ ಮಗುವೂ ಪಾಸಿಟಿವ್ ಆಗಬಹುದು. ಹೆರಿಗೆಯಲ್ಲಿ ಅಂಥ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರಿದರೆ, ತಾಯಿಯ ದೇಹವು ಅದನ್ನು ಹೊರಗಿನದೆಂದು ಭಾವಿಸಿ ಪ್ರತಿವಸ್ತುಗಳನ್ನು ತಯಾರಿಸುತ್ತದೆ. ಸಾಮಾನ್ಯವಾಗಿ ಮೊದಲ ಮಗುವಿಗೆ ಏನೂ ಆಗದು. ಮುಂದಿನ ಪಾಸಿಟಿವ್ ಮಗುವಿನ ರಕ್ತಕಣಗಳು ಮಾತ್ರ ಗರ್ಭದಲ್ಲಿಯೇ ನಾಶವಾಗತೊಡಗುತ್ತವೆ. ಮಗುವಿಗೆ ರಕ್ತಹೀನತೆ, ತೀವ್ರ ಕಾಮಾಲೆ ಉಂಟಾಗಬಹುದು, ಹೊಟ್ಟೆಯಲ್ಲಿಯೇ ಸಾಯಲೂಬಹುದು. ಆಗ "ಮೊದಲನೆಯದು ಚೆನ್ನಾಗಿತ್ತಲ್ಲ, ಯಾರ ಕಣ್ಣು ತಾಗಿತೋ" ಎಂದು ಮನೆಯವರು ಅಳುತ್ತಾರೆ. ಕೆಲವೆಡೆ ಸೊಸೆಯನ್ನೇ ದೂರುತ್ತಾರೆ. ಆಕೆಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಇದನ್ನು ತಡೆಯಲು 1968ರಿಂದ ಆಂಟಿ-ಡಿ ಚುಚ್ಚುಮದ್ದು ಬಳಕೆಯಲ್ಲಿದೆ. ಮಗು ಪಾಸಿಟಿವ್ ಎಂದು ತಿಳಿದರೆ ಹೆರಿಗೆಯಾದ 72 ಗಂಟೆಗಳೊಳಗೆ ತಾಯಿಗೆ ಇದನ್ನು ಕೊಡಿಸಬೇಕು. ಗರ್ಭಪಾತವಾದಾಗಲೂ ಬೇಕಾಗಬಹುದು, ಇದನ್ನು ಅನೇಕರು ಮರೆಯುತ್ತಾರೆ. ಏಳನೆಯ ತಿಂಗಳ ಸುಮಾರಿಗೆ ಒಂದನ್ನು ಕೊಡುವ ಪದ್ಧತಿಯೂ ಇದೆ. ಆದರೆ ಪ್ರತಿವಸ್ತುಗಳು ಒಮ್ಮೆ ಹುಟ್ಟಿಕೊಂಡ ಮೇಲೆ ಈ ಮದ್ದು ಕೆಲಸ ಮಾಡದು. ಅವು ಇವೆಯೇ ಎಂದು ನೋಡಲು ಕೂಂಬ್ಸ್ ಪರೀಕ್ಷೆಯನ್ನು ಮಾಡಿಸಬೇಕಾಗುತ್ತದೆ. ಇದ್ದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಯಲ್ಲಿ ತಜ್ಞರ ಸಲಹೆ ಪಡೆಯಿರಿ.

ತಂಬಾಕಿನ ಬ್ಯಾರನ್‌ಗೆ ಬೆಂಕಿ ಹಾಕುವ ದಿನಗಳಲ್ಲಿ ಗಂಡಸರು ಆಸ್ಪತ್ರೆಗೆ ಬರುವುದು ಕಷ್ಟವೆಂದು ನಾವು ಬಲ್ಲೆವು. ಆದರೂ ಹೆಂಡತಿ ನೆಗೆಟಿವ್ ಎಂದು ತಿಳಿದ ಮೇಲೆ ಗಂಡನೂ ಒಂದು ಹನಿ ರಕ್ತ ಕೊಡಲೇಬೇಕು. ಇಬ್ಬರ ಗುಂಪನ್ನೂ ತಾಯಿ ಕಾರ್ಡಿನಲ್ಲಿ ಬರೆಯಿಸಿಕೊಳ್ಳಿ. ಮೊದಲ ಹೆರಿಗೆಗೆ ತವರಿಗೆ ಹೋಗುವಾಗ ಆ ಕಾರ್ಡು ಪೆಟ್ಟಿಗೆಯ ತಳ ಸೇರದಿರಲಿ. ಅಲ್ಲಿನ ದಾದಿಯ ಕೈಗೆ ಮೊದಲ ದಿನವೇ ಕೊಡಿ.