ಉಯಿಲು: ಜಮೀನಿಗೆ ಮುಂದಿನ ವ್ಯವಸ್ಥೆ

ನಾಲ್ಕು ಎಕರೆ ಸ್ವಯಾರ್ಜಿತ ಜಮೀನಿರುವ ಒಂದು ಕುಟುಂಬವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ಎಕರೆ ತೆಂಗಿನ ತೋಟ, ಅದರ ಮೂಲೆಯಲ್ಲಿ ಕೊಳವೆ ಬಾವಿ. ಉಳಿದ ಮೂರು ಎಕರೆ ರಾಗಿ ಬೆಳೆಯುವ ಖುಷ್ಕಿ. ಯಜಮಾನ ಉಯಿಲು ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ಈ ನಾಲ್ವರಿಗೂ ಸಮಪಾಲು. ಯಜಮಾನನ ತಾಯಿ ಬದುಕಿದ್ದರೆ ಆಕೆಗೂ ಅಷ್ಟೇ ಪಾಲು.

ಆದರೆ ಕಾಯಿದೆ ಹೇಳುವುದು ಪಾಲು ಎಷ್ಟೆಂಬುದನ್ನು ಮಾತ್ರ. ಯಾವ ತುಂಡು ಯಾರಿಗೆಂಬುದನ್ನಲ್ಲ. ತೋಟ ಯಾರಿಗೆ? ಬಾವಿಯ ನೀರಿನ ಸರದಿ ಹೇಗೆ? ಹಿಂದಿನ ಹೊಲಕ್ಕೆ ಗಾಡಿ ಹೋಗುವ ದಾರಿ ಎಲ್ಲಿ? ಒಂದು ಎಕರೆ ತೋಟವೂ ಒಂದು ಎಕರೆ ಖುಷ್ಕಿಯೂ ಅಳತೆಯಲ್ಲಿ ಒಂದೇ, ಉತ್ಪತ್ತಿಯಲ್ಲಿ ಅಲ್ಲ. ಒಡಹುಟ್ಟಿದವರು ಒಪ್ಪದಿದ್ದರೆ ವಿಭಾಗದ ದಾವೆ. ದಾವೆ ಮುಗಿಯುವವರೆಗೆ ತೆಂಗಿಗೆ ನೀರು, ಗೊಬ್ಬರ ಕೊಡುವವರಾರು? ಬೇಸಾಯದ ದೃಷ್ಟಿಯಿಂದ ಇದೇ ದೊಡ್ಡ ನಷ್ಟ.

ಉಯಿಲಿನಲ್ಲಿ ಇವನ್ನೆಲ್ಲ ಬಿಡಿಸಿ ಬರೆಯಬಹುದು: ಸರ್ವೆ ನಂಬರು, ಎಕರೆ ಗುಂಟೆ, ಚೆಕ್ಕುಬಂದಿ, ನೀರಿನ ಸರದಿ, ದಾರಿ, ಸಹಕಾರ ಸಂಘದ ಸಾಲ ತೀರಿಸುವವರು ಯಾರೆಂಬುದು. ಹೆಂಡತಿಯ ಜೀವನಕ್ಕೆಂದು ತೋಟವನ್ನೇ ಆಕೆಗೆ ಬಿಡಬಹುದು.

“ಬರೆದುಕೊಟ್ಟ ಮೇಲೆ ಮಕ್ಕಳು ನೋಡಿಕೊಳ್ಳದಿದ್ದರೆ?” ಎಂಬ ಹಿರಿಯರ ಅಂಜಿಕೆ ದಾನಪತ್ರಕ್ಕೆ ಸಲ್ಲುತ್ತದೆ, ಉಯಿಲಿಗಲ್ಲ. ಉಯಿಲು ಜಾರಿಗೆ ಬರುವುದು ಬರೆದವನ ಮರಣಾನಂತರ. ಬದುಕಿರುವವರೆಗೆ ಜಮೀನು ಅವನದೇ. ಬೇಕಾದಾಗ ಉಯಿಲನ್ನು ಬದಲಿಸಬಹುದು, ರದ್ದುಪಡಿಸಬಹುದು.

ಪಿತ್ರಾರ್ಜಿತ ಆಸ್ತಿಯಲ್ಲಿ ತನ್ನ ಭಾಗವನ್ನಷ್ಟೇ ಉಯಿಲಿನ ಮೂಲಕ ಕೊಡಬಹುದು. ಇಲ್ಲಿ ತಪ್ಪುವವರು ಬಹಳ. 2005ರ ತಿದ್ದುಪಡಿಯಿಂದ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕಿದೆ. ಮದುವೆಯಾಗಿ ಹೋದಳೆಂದು ಅವಳ ಭಾಗವನ್ನು ಅಣ್ಣತಮ್ಮಂದಿರಿಗೆ ಬರೆದರೆ ಅದು ನಿಲ್ಲದು. ಮುಸ್ಲಿಂ ರೈತರ ನಿಯಮ ಬೇರೆ: ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಸರ್ಕಾರದಿಂದ ಮಂಜೂರಾದ ಜಮೀನಾದರೆ ಮಂಜೂರಾತಿಯ ಷರತ್ತುಗಳನ್ನು ವಕೀಲರಿಗೆ ತೋರಿಸಿಯೇ ಮುಂದುವರಿಯುವುದು ಲೇಸು.

ಬರವಣಿಗೆಗೆ ಛಾಪಾ ಕಾಗದ ಬೇಕಿಲ್ಲ. ಬರೆಸುವವನು ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅವನ ಎದುರಿನಲ್ಲೇ ಸಹಿ ಮಾಡಬೇಕು. ಉಯಿಲನ್ನು ರುಜುವಾತುಪಡಿಸುವಾಗ ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಬೇಕಾಗುವುದರಿಂದ, ಬರೆಸುವವನಿಗಿಂತ ಕಿರಿಯರೂ ಪಾಲಿನ ಆಸೆಯಿಲ್ಲದವರೂ ಆದ ಊರಿನವರು ಮೇಲು. ಊರಿನಲ್ಲಿ ಸಾಮಾನ್ಯವಾಗಿ ಓರಗೆಯ ಹಿರಿಯರನ್ನೇ ಕರೆಯುತ್ತಾರೆ. ಬೇಕಾದ ಹೊತ್ತಿಗೆ ಅವರೇ ಇರುವುದಿಲ್ಲ. ನೋಂದಣಿ ಕಡ್ಡಾಯವಲ್ಲ. ಆದರೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದರೆ ಮೂಲ ಪ್ರತಿ ಕಳೆದರೂ ದಾಖಲೆ ಉಳಿಯುತ್ತದೆ. ಹಾಸಿಗೆ ಹಿಡಿದ ಮೇಲೆ ಬರೆಸಿದ ಉಯಿಲಿನ ಮೇಲೆ ಸಂಶಯ ಸುಲಭ, ಗಟ್ಟಿಯಾಗಿರುವಾಗಲೇ ಬರೆಸಬೇಕು.

ಉಯಿಲಿದ್ದ ಮಾತ್ರಕ್ಕೆ ಪಹಣಿ ತಾನಾಗಿ ಬದಲಾಗುವುದಿಲ್ಲ. ಮರಣ ಪ್ರಮಾಣಪತ್ರ, ಉಯಿಲಿನ ಪ್ರತಿಯೊಡನೆ ಖಾತೆ ಬದಲಾವಣೆಗೆ ಅರ್ಜಿ ಕೊಡಬೇಕು. ಉಯಿಲೇ ಸುಳ್ಳೆಂದು ಯಾರಾದರೂ ತಕರಾರು ಮಾಡಿದರೆ ಅದನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ, ಕಂದಾಯ ಇಲಾಖೆಯಲ್ಲ. ಪಂಪ್‌ಸೆಟ್ಟಿನ ವಿದ್ಯುತ್ ಸಂಪರ್ಕವನ್ನೂ ಹೊಸ ಯಜಮಾನನ ಹೆಸರಿಗೆ ಬೇರೆಯಾಗಿಯೇ ಮಾಡಿಸಿಕೊಳ್ಳಬೇಕು.