ಮಸ್ಕಿಯ ಬಂಡೆ ಮತ್ತು ಪ್ರವಾಸೋದ್ಯಮ ವರದಿಗಾರಿಕೆ

ಕಾಮರ್ಸ್ ಓದುವವರನ್ನು ‘ಪಿಯುಸಿ ಆದಮೇಲೆ ಮುಂದೇನು?’ ಎಂದು ಕೇಳಿದರೆ ಬಿ.ಕಾಂ. ಇಲ್ಲವೇ ಸಿ.ಎ. ಎಂಬ ಉತ್ತರ ಬರುತ್ತದೆ. ನಾನು ಪತ್ರಿಕೆಯಲ್ಲಿ ಪ್ರವಾಸಿ ತಾಣಗಳ ಬಗ್ಗೆ ಬರೆಯುವ ವರದಿಗಾರ್ತಿ ಆಗುತ್ತೇನೆ ಎಂದಾಗ ಅಬ್ಬಾ ನಕ್ಕರು. ‘ತಿರುಗಾಡೋದಕ್ಕೂ ಪಗಾರ ಕೊಡ್ತಾರೇನು ಬೇಟಾ?’ ಎಂದರು. ಅವರಿಗೆ ಉತ್ತರ ಹೇಳಲು ತಿಳಿದುಕೊಂಡದ್ದನ್ನೇ ಇಲ್ಲಿ ಬರೆದಿದ್ದೇನೆ.

ತಿರುಗಾಟ ಈ ಕೆಲಸದ ಸಣ್ಣ ಭಾಗ. ಉಳಿದದ್ದೆಲ್ಲ ಬಸ್ಸು, ವಸತಿಗೃಹ, ಶೌಚಾಲಯ, ಗೈಡ್, ಅನುದಾನ ಇವುಗಳ ಲೆಕ್ಕ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆಯನ್ನೇ ನೋಡಿ. ‘ಭವ್ಯ ಕೋಟೆ, ನೋಡಲು ಎರಡು ಕಣ್ಣು ಸಾಲದು’ ಎಂದು ಯಾರು ಬೇಕಾದರೂ ಬರೆಯಬಹುದು. ಮೊಹರಂಗೆ ಹಿಂದೂಗಳೂ ಮುಸ್ಲಿಮರೂ ಕಿಕ್ಕಿರಿದು ಸೇರುವ ಆ ಊರಿನಲ್ಲಿ ಕುಡಿಯುವ ನೀರು ಎಲ್ಲಿ ಸಿಗುತ್ತದೆ, ರಾತ್ರಿ ವಾಪಸ್ ಹೋಗಲು ಬಸ್ಸು ಇದೆಯೇ, ಕೋಟೆಯ ದುರಸ್ತಿಗೆ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು ಎಂದು ವರದಿಗಾರರು ಕೇಳಬೇಕು. ಖರ್ಚಿನ ವಿವರ ಪಡೆಯಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಜಮಾ ಖರ್ಚು ಓದಲು ಬರುವ ನಮ್ಮಂಥವರಿಗೆ ಇಲ್ಲಿ ಅನುಕೂಲವೇ. ಮುದಗಲ್ಲಿನಲ್ಲಿ ಮನೆಯ ಉರ್ದುವೂ ಕಾಲೇಜಿನ ಕನ್ನಡವೂ ಎರಡೂ ಬೇಕಾಗುತ್ತವೆ.

ಅಭ್ಯಾಸಕ್ಕೆಂದು ಮಸ್ಕಿಯ ಮೇಲೆ ಒಂದು ಲೇಖನ ಬರೆದೆ. ‘ಇಡೀ ದೇಶದಲ್ಲಿ ಅಶೋಕನ ಹೆಸರಿರುವ ಶಾಸನ ಇದೊಂದೇ’ ಎಂಬುದು ನನ್ನ ಮೊದಲ ಸಾಲು. ಚಿಕ್ಕಂದಿನಿಂದ ಎಲ್ಲರ ಬಾಯಲ್ಲೂ ಕೇಳಿದ್ದೆ. ಕನ್ನಡ ಮೇಡಂ ಅದರ ಕೆಳಗೆ ಕೆಂಪು ಗೆರೆ ಎಳೆದು, ‘ಯಾರು ಹೇಳಿದ್ದು?’ ಎಂದು ಬರೆದರು. ಹುಡುಕಿದರೆ ತಪ್ಪು ನನ್ನದೇ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿ ಶಾಸನವನ್ನು ಕಂಡರು. ಬೇರೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಕರೆಸಿಕೊಂಡಿದ್ದ ರಾಜ ಅಶೋಕನೇ ಎಂಬುದು ಇದರಿಂದ ಖಚಿತವಾಯಿತು. ಅಂದರೆ ಹೆಸರು ಮೊದಲು ಸಿಕ್ಕಿದ್ದು ಇಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ನಮ್ಮ ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿಯೂ ಅದೇ ಹೆಸರು ಸಿಕ್ಕಿದೆ. ‘ಒಂದೇ’ ಎಂಬುದನ್ನು ಹೊಡೆದು ‘ಮೊದಲ’ ಎಂದು ಬರೆದೆ. ಪತ್ರಿಕೆಯಲ್ಲಿ ಅಚ್ಚಾಗಿದ್ದರೆ ಮರುದಿನ ತಿದ್ದುಪಡಿ ಹಾಕಬೇಕಾಗುತ್ತಿತ್ತು.

ಇನ್ನೊಂದು ಕಷ್ಟವಿದೆ. ರೆಸಾರ್ಟಿನವರು ಪುಕ್ಕಟೆ ಕೋಣೆ, ಊಟ ಕೊಟ್ಟು ಕರೆಯುತ್ತಾರೆ. ಉಂಡವರು ಕೊರತೆ ಬರೆಯುವುದು ಹೇಗೆ? ಜಾಹೀರಾತು ಸುದ್ದಿಯ ವೇಷದಲ್ಲಿ ಬರಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿಯ ನಿಯಮಗಳು ಹೇಳುತ್ತವೆ. ಆತಿಥ್ಯ ಪಡೆದಿದ್ದರೆ ಅದನ್ನು ಓದುಗರಿಗೆ ತಿಳಿಸಬೇಕು ಎಂಬುದು ನನ್ನ ಅಭಿಪ್ರಾಯ.

ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಪದವಿಯಲ್ಲಿ ಪತ್ರಿಕೋದ್ಯಮ ತೆಗೆದುಕೊಳ್ಳಬಹುದು. ಪದವಿ ಮುಗಿಸಿದವರಿಗೆ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿಭಾಗವಿದೆ. ಸಣ್ಣ ಊರುಗಳಲ್ಲಿ ಪ್ರವಾಸಕ್ಕೆಂದೇ ವರದಿಗಾರರು ಇರುವುದಿಲ್ಲ. ನಗರಸಭೆಯ ಸಭೆ, ಭತ್ತದ ದರ, ಅಪಘಾತ ಎಲ್ಲವನ್ನೂ ಬರೆಯಬೇಕು. ತಾಲ್ಲೂಕು ಮಟ್ಟದ ಅನೇಕರಿಗೆ ಸಿಗುವುದು ಗೌರವಧನ ಮಾತ್ರ.

ಇದನ್ನೂ ಮುಚ್ಚಿಡದೆ ಅಬ್ಬಾಗೆ ಹೇಳಿದೆ. ‘ಮೊದಲು ಬಿ.ಕಾಂ. ಮುಗಿಸು, ಆಮೇಲೆ ನೋಡೋಣ’ ಎಂದರು. ಪರೀಕ್ಷೆಯಾದ ಮೇಲೆ ಬೈಕಿನಲ್ಲಿ ನಿಟ್ಟೂರಿಗೆ ಕರೆದುಕೊಂಡು ಹೋಗಲು ಒಪ್ಪಿದ್ದಾರೆ. ಪೆಟ್ರೋಲ್ ಲೆಕ್ಕ ಮಾತ್ರ ನಾನೇ ಬರೆದಿಡಬೇಕಂತೆ.