ತವರಿನಲ್ಲೇ ಉಳಿದ ವೋಟು

ಅಕ್ಕಾ, ನನ್ನ ತವರು ಉದಗೀರ ಹತ್ತಿರದ ಹಳ್ಳಿ. ಮದುವೆಯಾಗಿ ಠಾಣಾ ಕುಶನೂರಿಗೆ ಬಂದು ಐದು ವರ್ಷವಾಯಿತು. ವೋಟರ್ ಕಾರ್ಡ್ ಮಾತ್ರ ಇನ್ನೂ ತವರಿನದೇ, ಅದೂ ಮರಾಠಿಯಲ್ಲಿದೆ. 2023ರಲ್ಲಿ ಮನೆಮಂದಿಯೆಲ್ಲ ವೋಟು ಹಾಕಲು ಹೋದಾಗ ನಾನು ಕೂಸನ್ನೆತ್ತಿಕೊಂಡು ಮನೆಯಲ್ಲೇ ಉಳಿದೆ. ‘ಇಲ್ಲಿ ಹೊಸದಾಗಿ ಹೆಸರು ಹಾಕಿಸು, ಅಲ್ಲಿಯದೂ ಇರಲಿ’ ಎನ್ನುತ್ತಾರೆ ಮಾವ. ಅಲ್ಲಿ ಹೆಸರು ತೆಗೆದರೆ ತವರಿನ ಆಸ್ತಿಯಲ್ಲಿ ಪಾಲು ಹೋಗುತ್ತದೆ ಎನ್ನುತ್ತಾಳೆ ಅವ್ವ. ಯಜಮಾನರು ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾರೆ, ಅವರ ಹೆಸರು ಇಲ್ಲೇ ಇದೆ. ನಾದಿನಿಗೆ ಹದಿನೇಳು ತುಂಬಿದೆ. ಏನು ಮಾಡಲಿ?
– ಒಬ್ಬ ಸೊಸೆ, ಠಾಣಾ ಕುಶನೂರ

ತಂಗೀ, ಅವ್ವನ ಮಾತಿನಿಂದಲೇ ಶುರು ಮಾಡುತ್ತೇನೆ. ಇಷ್ಟು ವರ್ಷ ನಿಮ್ಮನ್ನು ತಡೆದಿರುವುದು ಅದೇ ಎಂದು ಪತ್ರ ಓದಿದಾಗ ಅನಿಸಿತು. ಆಸ್ತಿಯ ಪಾಲಿಗೂ ಮತದಾರರ ಪಟ್ಟಿಗೂ ಯಾವ ಸಂಬಂಧವೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಡುವ ಮನೆತನವಾದರೆ, 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಹುಟ್ಟಿನಿಂದಲೇ ಇದೆ. ನೀವು ಎಲ್ಲಿ ವೋಟು ಹಾಕುತ್ತೀರಿ ಎಂದು ಆ ಕಾಯ್ದೆ ಕೇಳುವುದಿಲ್ಲ. ಇದನ್ನು ಅವ್ವನಿಗೆ ಫೋನಿನಲ್ಲಲ್ಲ, ಹೋದಾಗ ಎದುರಿಗೆ ಕೂತು ಬಿಡಿಸಿ ಹೇಳಿ.

1956ರ ನವೆಂಬರ್ 1ರವರೆಗೆ ಉದಗೀರವೂ ಬೀದರ್ ಜಿಲ್ಲೆಯಲ್ಲೇ ಇತ್ತು. ರಾಜ್ಯಗಳು ಬೇರೆಯಾದವು, ಹೆಣ್ಣು ಕೊಟ್ಟು ತರುವುದು ನಿಲ್ಲಲಿಲ್ಲ. ಆದರೆ ಮತದಾರರ ಪಟ್ಟಿ ಗಡಿಯನ್ನು ನೋಡಿಯೇ ನಡೆಯುತ್ತದೆ. ಒಬ್ಬರಿಗೆ ಒಂದೇ ಕಡೆ ಹೆಸರು ಎನ್ನುವುದು 1950ರ ಪ್ರಜಾಪ್ರತಿನಿಧಿ ಕಾಯ್ದೆಯ 17 ಮತ್ತು 18ನೇ ಕಲಮುಗಳ ಕಟ್ಟುನಿಟ್ಟು. ಮಾವನವರು ಮನೆಯ ಒಳಿತಿಗೆಂದೇ ಹೇಳಿದ್ದಾರೆ, ಆದರೂ ಆ ದಾರಿ ಬೇಡ. ಹೊಸದಾಗಿ ಹೆಸರು ಸೇರಿಸುವ ನಮೂನೆ 6ರಲ್ಲಿ ‘ನನ್ನ ಹೆಸರು ಬೇರೆಲ್ಲೂ ಇಲ್ಲ’ ಎಂದು ಸಹಿ ಮಾಡಬೇಕಾಗುತ್ತದೆ. ಸುಳ್ಳು ಘೋಷಣೆಗೆ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಎರಡು ಕಡೆ ಹೆಸರಿದ್ದು ಪ್ರಯೋಜನವಾದರೂ ಏನು? 2024ರ ಲೋಕಸಭೆ ಚುನಾವಣೆಯಲ್ಲಿ ಉದಗೀರ ಸೇರಿದ ಲಾತೂರಿಗೂ ಬೀದರಿಗೂ ಮತದಾನ ನಡೆದದ್ದು ಒಂದೇ ದಿನ, ಮೇ 7ರಂದು.

ನಿಮಗೆ ಬೇಕಾದದ್ದು ನಮೂನೆ 8. ಮೊದಲು ಕ್ಷೇತ್ರ ಬದಲಾದರೆ ನಮೂನೆ 6 ತುಂಬಬೇಕಿತ್ತು. 2022ರಿಂದ ಆ ಪದ್ಧತಿ ಹೋಗಿ, ಬೇರೆ ರಾಜ್ಯದಿಂದ ಬಂದವರಿಗೂ ವಾಸಸ್ಥಳ ಬದಲಾವಣೆಗೆ ನಮೂನೆ 8 ಬಂದಿದೆ. ಹಳೆಯದು ಗೊತ್ತಿದ್ದವರು ಈಗಲೂ 6 ತುಂಬಿಸಿ ಕಳಿಸುವುದುಂಟು, ಎಚ್ಚರವಿರಲಿ. ನಮೂನೆ 8ರಲ್ಲಿ ನಿಮ್ಮ ಮರಾಠಿ ಕಾರ್ಡಿನ ಸಂಖ್ಯೆಯನ್ನೇ ಬರೆಯಿರಿ. ಅಲ್ಲಿಯ ಹೆಸರು ತೆಗೆದು ಇಲ್ಲಿ ಸೇರಿಸುವ ಕೆಲಸ ಆ ಒಂದೇ ಅರ್ಜಿಯಿಂದ ಆಗುತ್ತದೆ. ಆಧಾರ್‌ನಲ್ಲಿ ಇನ್ನೂ ತವರಿನ ವಿಳಾಸವಿದ್ದರೆ ಗಾಬರಿ ಬೇಡ. ಯಜಮಾನರ ಹೆಸರು ಅದೇ ಮನೆಯ ವಿಳಾಸದಲ್ಲಿ ಪಟ್ಟಿಯಲ್ಲಿರುವುದರಿಂದ ಅವರ ಬ್ಯಾಂಕ್ ಪಾಸ್‌ಬುಕ್ಕೋ ಪಹಣಿಯೋ ವಿಳಾಸದ ದಾಖಲೆಯಾಗಿ ನಡೆಯುತ್ತದೆ. ಅರ್ಜಿಯನ್ನು ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿಗೆ, ಅಂದರೆ ಬಿಎಲ್‌ಓಗೆ ಕೊಡಿ, ಇಲ್ಲವೇ ತಹಶೀಲ್ದಾರ ಕಚೇರಿಯ ಚುನಾವಣಾ ಶಾಖೆಗೆ. ಮೊಬೈಲಿನಲ್ಲಿ ಚುನಾವಣಾ ಆಯೋಗದ ಆ್ಯಪ್‌ನಿಂದಲೂ ಆಗುತ್ತದೆ. ತಾಲ್ಲೂಕು ಕಮಲನಗರವಾದರೂ ವಿಧಾನಸಭೆಗೆ ನಿಮ್ಮೂರು ಔರಾದ್ ಕ್ಷೇತ್ರದ್ದು, ಕ್ಷೇತ್ರ ಕೇಳಿದಲ್ಲಿ ಔರಾದ್ ಎಂದೇ ಬರೆಯಿರಿ. ಸ್ವೀಕೃತಿ ಚೀಟಿಯನ್ನು ಕೇಳಿ ಪಡೆಯಿರಿ.

ಕಾರ್ಡಿನಲ್ಲಿ ಅಪ್ಪನ ಹೆಸರಿದೆ, ಗಂಡನ ಹೆಸರು ಹಾಕಿಸಲೇಬೇಕು ಎಂದು ಯಾರಾದರೂ ಒತ್ತಾಯಿಸಿದರೆ, ಹಾಗೇನೂ ಕಡ್ಡಾಯವಿಲ್ಲ. 1951–52ರ ಮೊದಲ ಮಹಾಚುನಾವಣೆಯಲ್ಲಿ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿ ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಹೆಣ್ಣುಮಕ್ಕಳನ್ನು ಪಟ್ಟಿಯಿಂದ ಕೈಬಿಡಲಾಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ನಿರ್ಧಾರ ಕಠಿಣವಾಗಿತ್ತು, ಆದರೂ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ವೋಟು ಸಂಬಂಧಕ್ಕಲ್ಲ, ಮನುಷ್ಯಳಿಗೆ ಸೇರಿದ್ದು.

ಯಜಮಾನರ ವಿಷಯದಲ್ಲಿ ನೀವಿಬ್ಬರೂ ಕೂತು ಯೋಚಿಸಬೇಕು. ಕೆಲಸಕ್ಕೆಂದು ಸ್ವಲ್ಪ ಕಾಲ ಹೊರಗಿದ್ದ ಮಾತ್ರಕ್ಕೆ ಊರಿನ ವಾಸಿ ಅಲ್ಲ ಎಂದಾಗುವುದಿಲ್ಲ, 1950ರ ಕಾಯ್ದೆಯ 20ನೇ ಕಲಮು ಹಾಗೆ ಹೇಳುತ್ತದೆ. ಮನೆ, ಹೆಂಡತಿ, ಮಗು ಕುಶನೂರಿನಲ್ಲೇ ಇದ್ದು ಅವರು ಬಂದುಹೋಗುತ್ತಿದ್ದರೆ ಹೆಸರು ಇಲ್ಲೇ ಇರಲಿ. ಮುಂದೆ ಎಲ್ಲರೂ ಅಲ್ಲೇ ಮನೆ ಮಾಡಿದರೆ ಆಗ ಅಲ್ಲಿಗೆ ವರ್ಗಾಯಿಸಿಕೊಳ್ಳಬೇಕು. ವಲಸೆ ಹೋದವರು ಇದ್ದಲ್ಲಿಂದಲೇ ವೋಟು ಹಾಕುವ ಯಂತ್ರದ ಮಾದರಿಯನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು, ಅದು ಜಾರಿಗೆ ಬಂದಿಲ್ಲ. ಹಾಗಾಗಿ ಆ ದಿನ ಬಸ್ಸು ಹತ್ತಿ ಊರಿಗೆ ಬರಲೇಬೇಕು. ಮತದಾರ ನೌಕರನಿಗೆ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮಿದೆ. ಮಾಲೀಕರಿಗೆ ಮೊದಲೇ ತಿಳಿಸಿಡಲಿ.

ನಾದಿನಿಯ ಕೈಯಿಂದ ಈಗಲೇ ನಮೂನೆ 6 ತುಂಬಿಸಿ. ಹದಿನೇಳಕ್ಕೇ ಮುಂಗಡ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 1ನೇ ತಾರೀಖಿನಲ್ಲಿ ಯಾವುದಕ್ಕೆ ಹದಿನೆಂಟು ತುಂಬಿರುತ್ತದೋ ಆಗ ಹೆಸರು ಸೇರುತ್ತದೆ.

ಕಾರ್ಡು ಕೈಗೆ ಬಂತೆಂದು ನಿಶ್ಚಿಂತರಾಗಬೇಡಿ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಾರ್ಡಿದ್ದೂ ವೋಟಿಲ್ಲ. ನಮ್ಮ ಬೀದರ್ ಲೋಕಸಭಾ ಕ್ಷೇತ್ರಕ್ಕೇ ಸೇರಿದ ಆಳಂದದಲ್ಲಿ 2023ರ ಚುನಾವಣೆಗೆ ಮುಂಚೆ, ಹೆಸರು ತೆಗೆಸಲು 6,018 ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದಿದ್ದವು. ಪರಿಶೀಲಿಸಿದಾಗ ಸರಿಯಿದ್ದವು 24 ಮಾತ್ರ. ಅಷ್ಟು ಹೆಸರುಗಳು ಉಳಿದದ್ದು ಯಾರೋ ಕಣ್ಣಿಟ್ಟು ನೋಡಿದ್ದರಿಂದ. ಆದ್ದರಿಂದ ಪಟ್ಟಿ ಪ್ರಕಟವಾದಾಗಲೆಲ್ಲ ಮನೆಯ ಪ್ರತಿ ಹೆಸರನ್ನೂ ಹುಡುಕಿ. ಬಿಎಲ್‌ಓ ಮನೆಗೆ ಬಂದಾಗ ಬಾಗಿಲು ಹಾಕಿರದಂತೆ ನೋಡಿಕೊಳ್ಳಿ. ಏನೇ ಸಂಶಯ ಬಂದರೂ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.

ಮತಗಟ್ಟೆಗೆ ಹೋಗುವಾಗ ವೋಟರ್ ಕಾರ್ಡ್ ಸಿಗದಿದ್ದರೆ ಆಧಾರ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಫೋಟೊ ಇರುವ ಪಾಸ್‌ಬುಕ್ ನಡೆಯುತ್ತವೆ. ಮನೆಗೆ ಕೊಟ್ಟುಹೋಗುವ ಮತದಾರರ ಚೀಟಿಯೊಂದೇ ಗುರುತಿಗೆ ಸಾಲದು. ನಿಮ್ಮ ಹೆಸರಿನಲ್ಲಿ ಆಗಲೇ ಯಾರೋ ವೋಟು ಹಾಕಿ ಹೋಗಿದ್ದರೆ ಸುಮ್ಮನೆ ಹಿಂತಿರುಗಬೇಡಿ. ಮತಗಟ್ಟೆ ಅಧ್ಯಕ್ಷಾಧಿಕಾರಿಗೆ ಗುರುತು ತೋರಿಸಿ ‘ಟೆಂಡರ್ ವೋಟ್’ ಕೇಳಿ. ಅದನ್ನು ಯಂತ್ರದಲ್ಲಲ್ಲ, ಕಾಗದದ ಮತಪತ್ರದಲ್ಲಿ ಕೊಡುತ್ತಾರೆ.

ವಿಧಾನಸಭೆಗೆ ಮುಂದಿನ ಚುನಾವಣೆ 2028ರ ಮೇ ಒಳಗೆ. ಇನ್ನೂ ಸಮಯವಿದೆ ಎಂದು ಮುಂದೂಡಬೇಡಿ, ಗ್ರಾಮ ಪಂಚಾಯಿತಿಯ ಪಟ್ಟಿ ತಯಾರಾಗುವುದೂ ಇದೇ ವಿಧಾನಸಭಾ ಪಟ್ಟಿಯಿಂದ. ನಿಮ್ಮ ಓಣಿಯ ನೀರು, ನಿಮ್ಮ ಕೂಸಿನ ಅಂಗನವಾಡಿ ಕುಶನೂರಿನಲ್ಲಿವೆ. ಈ ವಾರವೇ ನಾದಿನಿಯನ್ನೂ ಕರೆದುಕೊಂಡು ಬಿಎಲ್‌ಓ ಹತ್ತಿರ ಹೋಗಿ, ಎರಡೂ ಅರ್ಜಿ ಕೊಟ್ಟು ಬನ್ನಿ.